ಪೆಂಗ್ವಿನ್ ಬಿಡಿಸುವ ಹೊತ್ತು: ಕೆನಡಾದಲ್ಲಿರುವ ಕಾಫಿನಾಡಿನ ಮನೆಗಳಿಗೆ ಒಂದು ಬಹಿರಂಗ ಪತ್ರ

ಆಲ್ದೂರು, ಡಿಸೆಂಬರ್

ಪ್ರೀತಿಯ ಅಪ್ಪ ಅಮ್ಮಂದಿರೇ,

ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ, ಕಳಸದ ಕಡೆಯಿಂದ ಹೋಗಿ ಟೊರಾಂಟೊ, ಮಿಸಿಸಾಗ, ಒಟ್ಟಾವಾ ಸುತ್ತಮುತ್ತ ಮನೆ ಮಾಡಿಕೊಂಡಿರುವ ನಿಮ್ಮೆಲ್ಲರನ್ನೂ ಉದ್ದೇಶಿಸಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಅರೇಬಿಕಾ ಕೊಯ್ಲು ನಡೆದಿದೆ. ಆಳು ಸಿಗುವುದಿಲ್ಲ ಎಂಬ ಮಾತು, ಅಕಾಲ ಮಳೆ ಬಂದರೆ ಕಣದಲ್ಲಿರುವ ಕಾಫಿ ಏನಾದೀತು ಎಂಬ ಆತಂಕ ಎಲ್ಲ ಮನೆಯಲ್ಲೂ ಇದೆ. ಇದರ ನಡುವೆಯೂ ಸಂಜೆ ಫೋನ್ ಕೈಗೆ ಬಂದರೆ ಮೊದಲು ನೋಡುವುದು ನಿಮ್ಮ ಮಕ್ಕಳ ವಿಡಿಯೊಗಳನ್ನೇ. ಈಗ ಅಲ್ಲಿ ಸ್ಕೇಟಿಂಗ್ ಕಾಲ. ಬರುವ ವಿಡಿಯೊಗಳಲ್ಲಿ ಅರ್ಧಕ್ಕರ್ಧ ಒಂದೇ ರೀತಿಯವು: ಮಗು ಐಸ್ ಮೇಲೆ ಪ್ಲಾಸ್ಟಿಕ್ ಪೆಂಗ್ವಿನ್ನೊಂದರ ಎರಡು ಹಿಡಿಗಳನ್ನು ಬಿಗಿಯಾಗಿ ಹಿಡಿದುಕೊಂಡು, ಸೊಂಟ ಹಿಂದಕ್ಕೆ ಹಾಕಿ, ತಲೆ ತಗ್ಗಿಸಿ, ಅದನ್ನು ತಳ್ಳುತ್ತಾ ಹೋಗುತ್ತಿರುತ್ತದೆ. ಹಿಂದಿನಿಂದ ನಿಮ್ಮ ಚಪ್ಪಾಳೆ ಕೇಳಿಸುತ್ತದೆ.

ಆ ಪೆಂಗ್ವಿನ್ ಬಗ್ಗೆಯೇ ನನ್ನ ಮಾತು.

ನಾನು ಈ ಗುಡ್ಡಗಳ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ಮಗಳ ಮನೆಗೆಂದು ಹೋಗಿ ಒಂದು ಇಡೀ ಚಳಿಗಾಲ ಅಲ್ಲೇ ಇದ್ದಾಗ, ಮೊಮ್ಮಗಳ ತರಗತಿ ಮುಗಿಯುವವರೆಗೆ ರಿಂಕಿನ ಪಕ್ಕದ ಬೆಂಚಿನಲ್ಲಿ ಕೂತು ನೋಡುವುದೇ ನನ್ನ ಕೆಲಸವಾಗಿತ್ತು. ಮಗು ಸಮತೋಲ ಕಲಿಯುವುದನ್ನು ನೋಡುವುದು ನನ್ನ ವೃತ್ತಿಯೇ ಆಗಿದ್ದರಿಂದ ಬೇಸರವಾಗಲಿಲ್ಲ. ಕೋಚ್‌ಗಳನ್ನು ಕೇಳಿದೆ, ಅವರು ತಾಳ್ಮೆಯಿಂದ ಹೇಳಿದರು. ನೋಡಿದ್ದು, ಕೇಳಿದ್ದು, ನನ್ನ ಕಸುಬಿನಿಂದ ತಿಳಿದದ್ದು ಎಲ್ಲ ಸೇರಿಸಿ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು: ಪೆಂಗ್ವಿನ್ ಕೊಡಿ, ಆದರೆ ಬೇಗ ಬಿಡಿಸಿ. ನಿಮಗೆ ಸರಿ ಅನ್ನಿಸುವುದಕ್ಕಿಂತ ಬೇಗ ಬಿಡಿಸಿ.

ಈ ಆಸರೆಗಳು ಹೊಸವಲ್ಲ. ಹಾಲೆಂಡಿನಲ್ಲಿ ಕಾಲುವೆ ಹೆಪ್ಪುಗಟ್ಟಿದಾಗ ಮಕ್ಕಳು ಅಡುಗೆಮನೆಯ ಕುರ್ಚಿ ತಂದು ಐಸ್ ಮೇಲೆ ತಳ್ಳುತ್ತಾ ಸ್ಕೇಟಿಂಗ್ ಕಲಿಯುವುದು ಬಹು ಹಳೆಯ ರೂಢಿ. ನಿಮ್ಮ ಬಡಾವಣೆಯ ಬಯಲು ರಿಂಕುಗಳಲ್ಲಿ ಈಗಲೂ ಬಕೆಟ್ ಮೇಲೆ ಬಕೆಟ್ ಬೋರಲು ಹಾಕಿ ತಳ್ಳುವವರಿದ್ದಾರೆ. ಹಾಲಿನ ಕ್ರೇಟ್ ತರುವವರಿದ್ದಾರೆ. ಒಳಾಂಗಣ ರಿಂಕುಗಳಲ್ಲಿ ಕಬ್ಬಿಣದ ಕೊಳವೆಯ ಚೌಕಟ್ಟು, ಪ್ಲಾಸ್ಟಿಕ್ ಪೆಂಗ್ವಿನ್, ಮಗು ಮೇಲೆ ಕೂರಬಹುದಾದ ಸೀಲ್ ಬಾಡಿಗೆಗೆ ಸಿಗುತ್ತವೆ. ಮೊದಲ ದಿನ ಇವು ಮಾಡುವ ಉಪಕಾರವನ್ನು ನಾನು ಕಡೆಗಣಿಸುವುದಿಲ್ಲ. ಕಾಲಡಿಯ ನೆಲವೇ ಓಡಿಹೋಗುವ ಅನುಭವ ಮಗುವಿಗೆ ಭಯಂಕರವಾದದ್ದು. ಹಿಡಿಯಲು ಏನಾದರೂ ಇದ್ದರೆ ಅಳು ನಿಲ್ಲುತ್ತದೆ, ನಗು ಬರುತ್ತದೆ, ನಾಳೆಯೂ ಬರುತ್ತೇನೆ ಅನ್ನುತ್ತದೆ. ಆ 'ನಾಳೆಯೂ ಬರುತ್ತೇನೆ' ಅನ್ನುವ ಮಾತಿಗೆ ಬೆಲೆ ಕಟ್ಟಲಾಗದು. ನನ್ನ ತಕರಾರು ಎರಡನೆಯ, ಮೂರನೆಯ, ಹತ್ತನೆಯ ದಿನದ ಪೆಂಗ್ವಿನ್ ಬಗ್ಗೆ.

ಏಕೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ಕೇಟಿನ ಬ್ಲೇಡ್ ನಮ್ಮ ಕತ್ತಿಯ ಹಾಗೆ ಒಂದೇ ಅಲಗಿನದಲ್ಲ. ಅದರ ಅಡಿಯಲ್ಲಿ ಉದ್ದಕ್ಕೂ ಸಣ್ಣದೊಂದು ತಗ್ಗು ಕೊರೆದಿರುತ್ತಾರೆ. ಆ ತಗ್ಗಿನ ಎರಡು ಬದಿಗೆ ಎರಡು ಅಂಚು, ಒಳಗಿನದು, ಹೊರಗಿನದು. ಸ್ಕೇಟಿಂಗ್ ಅಂದರೆ ಒಂದು ಕಾಲಿನ ಒಳಅಂಚನ್ನು ಐಸಿಗೆ ಒತ್ತಿ ಪಕ್ಕಕ್ಕೆ ತಳ್ಳುವುದು, ಇನ್ನೊಂದು ಕಾಲಿನ ಮೇಲೆ ಮೈಭಾರ ಹೊತ್ತು ಜಾರುವುದು. ತಳ್ಳುವುದು ಪಕ್ಕಕ್ಕೆ, ಹಿಂದಕ್ಕಲ್ಲ. ಜಾರುವಾಗ ಮಂಡಿ ಮಡಚಿರಬೇಕು, ಸೊಂಟ ಪಾದದ ನೇರಕ್ಕೆ ಇರಬೇಕು, ಭಾರ ಪಾದದ ನಡುವೆ ಇರಬೇಕು, ಕೈಗಳು ಮುಂದೆ ಸಡಿಲವಾಗಿ, ಕಣ್ಣು ದೂರಕ್ಕೆ.

ಈಗ ಪೆಂಗ್ವಿನ್ ಹಿಡಿದ ಮಗುವನ್ನು ಒಮ್ಮೆ ಪಕ್ಕದಿಂದ ನಿಂತು ನೋಡಿ, ಎದುರಿನಿಂದಲ್ಲ. ಮೊಣಕೈ ನೆಟ್ಟಗಾಗಿರುತ್ತದೆ. ಮೈಭಾರದ ದೊಡ್ಡ ಪಾಲು ಅಂಗೈಗೆ ಬಂದು ಪೆಂಗ್ವಿನ್ ಮೇಲೆ ಕೂತಿರುತ್ತದೆ. ಪಾದಗಳು ಸೊಂಟಕ್ಕಿಂತ ಹಿಂದೆ ಉಳಿದಿರುತ್ತವೆ. ಮಂಡಿ ಮಡಚುವ ಬದಲು ಸೊಂಟ ಮಡಚಿರುತ್ತದೆ. ಕಾಲು ಪಕ್ಕಕ್ಕೆ ತಳ್ಳುವುದಿಲ್ಲ, ಬ್ಲೇಡಿನ ಮೂತಿಯಿಂದ ಹಿಂದಕ್ಕೆ ಒದೆಯುತ್ತದೆ. ಫಿಗರ್ ಸ್ಕೇಟ್ ಹಾಕಿದ್ದರೆ ಮುಂದಿನ ಹಲ್ಲು ಕೆರೆಯುವ ಕರಕರ ಶಬ್ದವೂ ಕೇಳಿಸುತ್ತದೆ. ಒಟ್ಟಿನಲ್ಲಿ ಮಗು ಓಡುತ್ತಿದೆ, ಸ್ಕೇಟ್ ಮಾಡುತ್ತಿಲ್ಲ. ಅದರ ಸಮತೋಲ ಅದರ ಮೈಯಲ್ಲಿಲ್ಲ, ಬಾಡಿಗೆಯ ಪ್ಲಾಸ್ಟಿಕ್ಕಿನಲ್ಲಿದೆ. ಅದನ್ನು ತೆಗೆದ ಕ್ಷಣ ಮಗು ಮುಂದಕ್ಕೆ ಮುಗ್ಗರಿಸುತ್ತದೆ. ಆಗ ನೀವು 'ಇನ್ನೂ ಬ್ಯಾಲೆನ್ಸ್ ಬಂದಿಲ್ಲ' ಎಂದುಕೊಂಡು ಮತ್ತೆ ಪೆಂಗ್ವಿನ್ ತರುತ್ತೀರಿ. ಹೀಗೆ ಒಂದು ಚಳಿಗಾಲವೇ ಕಳೆದುಹೋಗುವುದನ್ನು ನಾನು ಕಂಡಿದ್ದೇನೆ. ಪಾಪ, ಆ ಮಗುವಿಗೆ ಬ್ಯಾಲೆನ್ಸ್ ಕಲಿಯುವ ಅವಕಾಶವನ್ನೇ ಯಾರೂ ಕೊಟ್ಟಿರಲಿಲ್ಲ.

ಇನ್ನೊಂದು ನಷ್ಟ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆಸರೆ ಹಿಡಿದ ಮಗು ನಿಲ್ಲುವುದನ್ನೂ ಕಲಿಯುವುದಿಲ್ಲ. ಪೆಂಗ್ವಿನ್ ಹೋಗಿ ಅಡ್ಡಗೋಡೆಗೆ ಗುದ್ದಿದಾಗ ಮಗು ನಿಲ್ಲುತ್ತದೆ. ಎರಡು ಪಾದಗಳ ಹಿಮ್ಮಡಿ ಹೊರಗೆ ತಳ್ಳಿ, ಮೂತಿ ಒಳಗೆ ತಿರುಗಿಸಿ, ಐಸನ್ನು ಕೆರೆದು ನಿಲ್ಲುವ ಸರಳ ಪಾಠ ಅದಕ್ಕೆ ಗೊತ್ತೇ ಆಗುವುದಿಲ್ಲ. ನಿಲ್ಲಲು ಬಾರದ ಮಗು ವೇಗಕ್ಕೆ ಹೆದರುತ್ತದೆ. ಹೆದರಿದ ಮಗು ಮಂಡಿ ನೆಟ್ಟಗೆ ಮಾಡುತ್ತದೆ. ಮಂಡಿ ನೆಟ್ಟಗಾದರೆ ಬೀಳುವುದು ಖಂಡಿತ.

ನಿಮ್ಮೂರಿನ ಒಂದು ನಡಿಗೆಯನ್ನು ನೆನಪು ಮಾಡಿಕೊಳ್ಳಿ. ಜುಲೈ ಮಳೆಯಲ್ಲಿ ತೋಟದ ಇಳಿಜಾರಿನಲ್ಲಿ ಗೊಬ್ಬರದ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಇಳಿಯುವ ಹೆಂಗಸನ್ನು ನೋಡಿದ್ದೀರಲ್ಲ? ಕೆಳಗೆ ಕೊಳೆತ ಸಿಲ್ವರ್ ಓಕ್ ಎಲೆ, ಅದರಡಿ ಲೋಳೆಯಂಥ ಕೆಸರು. ಆಕೆ ಮಂಡಿ ಸ್ವಲ್ಪ ಮಡಚಿರುತ್ತಾಳೆ, ಪಾದ ಒಂದಿಷ್ಟು ಅಡ್ಡ ತಿರುಗಿಸಿ ಇಡುತ್ತಾಳೆ, ಹೆಜ್ಜೆ ಚಿಕ್ಕದು, ಸೊಂಟದ ಮೇಲಿನ ಮೈ ಅಲುಗುವುದಿಲ್ಲ, ನೋಟ ಕಾಲ ಮೇಲಲ್ಲ, ಮುಂದಿನ ಗಿಡದ ಮೇಲೆ. ಕಾಲು ಅರ್ಧ ಅಡಿ ಜಾರಿದರೂ ಮೈ ಬಿಗಿಯುವುದಿಲ್ಲ. ಜಾರಿದಷ್ಟು ಜಾರಗೊಟ್ಟು ಮತ್ತೆ ಭಾರ ಹಿಡಿಯುತ್ತಾಳೆ. ಐಸ್ ಮೇಲೆ ಕೋಚ್ ಕಲಿಸಲು ಹೊರಟಿರುವುದು ಹೆಚ್ಚುಕಡಿಮೆ ಇದನ್ನೇ. ಜಾರುವುದನ್ನು ತಡೆಯುವುದಲ್ಲ, ಜಾರುವಾಗ ಮೈಯನ್ನು ಪಾದದ ಮೇಲೆ ಇಟ್ಟುಕೊಳ್ಳುವುದು. ಇದು ಹಿಡಿದುಕೊಂಡು ಬರುವ ವಿದ್ಯೆಯಲ್ಲ.

ಆದ್ದರಿಂದಲೇ ಒಳ್ಳೆಯ ತರಗತಿಗಳಲ್ಲಿ ಮೊದಲ ಪಾಠ ಬೀಳುವುದು ಮತ್ತು ಏಳುವುದು. ಸ್ಕೇಟ್ ಕೆನಡಾ ಸಂಸ್ಥೆಯ ಕ್ಯಾನ್‌ಸ್ಕೇಟ್ ಕಾರ್ಯಕ್ರಮಕ್ಕೆ ನಿಮ್ಮಲ್ಲಿ ಹಲವರು ಮಕ್ಕಳನ್ನು ಸೇರಿಸಿದ್ದೀರಿ. ಆರು ಹಂತಗಳ ಆ ಪಾಠಕ್ರಮ ಸಮತೋಲ, ನಿಯಂತ್ರಣ, ಚುರುಕುತನ ಎಂಬ ಮೂರು ಅಡಿಗಲ್ಲುಗಳ ಮೇಲೆ ನಿಂತಿದೆ. ಅದರಲ್ಲಿ ಐದನೆಯ ಹಂತ ದಾಟುವವರೆಗೆ ಕೆನಡಾದ ಸುರಕ್ಷತಾ ಮಾನದಂಡವಾದ ಸಿಎಸ್ಎ ಮುದ್ರೆಯ ಹಾಕಿ ಹೆಲ್ಮೆಟ್ ಕಡ್ಡಾಯ. ಸೈಕಲ್ ಹೆಲ್ಮೆಟ್ ನಡೆಯುವುದಿಲ್ಲ. ಈ ನಿಯಮ ನನಗೆ ಬಹಳ ಹಿಡಿಸಿತು. ಮಗು ಬೀಳುತ್ತದೆ ಎಂದು ಒಪ್ಪಿಕೊಂಡು, ಬಿದ್ದಾಗ ಕಾಪಾಡಬೇಕಾದದ್ದನ್ನು ಕಾಪಾಡಿ, ಉಳಿದದ್ದನ್ನು ಮಗುವಿಗೇ ಬಿಡುವ ನಿಯಮ ಅದು. ಪೆಂಗ್ವಿನ್ ಹಿಡಿಸಿ ಹೆಲ್ಮೆಟ್ ಹಾಕಿಸದೆ ಬಿಡುವ ಅಪ್ಪ ಅಮ್ಮಂದಿರನ್ನು ಸಾರ್ವಜನಿಕ ಸ್ಕೇಟಿಂಗ್ ಹೊತ್ತಿನಲ್ಲಿ ನೋಡಿ ನನಗೆ ಸಂಕಟವಾಗಿದೆ. ಬಿಡಬೇಕಾದದ್ದನ್ನು ಹಿಡಿದು, ಹಿಡಿಯಬೇಕಾದದ್ದನ್ನು ಬಿಟ್ಟ ಹಾಗಾಯಿತು. ಪೆಂಗ್ವಿನ್ ಕೂಡ ಮಗುಚಿಕೊಳ್ಳುತ್ತದೆ, ಹಿಂದಿನಿಂದ ಬಂದ ದೊಡ್ಡ ಹುಡುಗ ಅದಕ್ಕೆ ಗುದ್ದಬಹುದು. ತಲೆಗೆ ರಕ್ಷಣೆ ಅದರಿಂದ ಸಿಗುವುದಿಲ್ಲ.

ಬೀಳುವ ಪಾಠವನ್ನು ಮನೆಯ ಕಾರ್ಪೆಟ್ ಮೇಲೇ ಶುರು ಮಾಡಬಹುದು, ಸ್ಕೇಟ್ಸ್ ಬೇಕಾಗಿಲ್ಲ. ಮಂಡಿ ಮಡಚಿ ತಗ್ಗಬೇಕು. ಪಕ್ಕಕ್ಕೆ ವಾಲಿ ತೊಡೆ, ಪೃಷ್ಠದ ಮೇಲೆ ಕೂರುವ ಹಾಗೆ ಬೀಳಬೇಕು. ಗದ್ದ ಎದೆಗೆ ತಾಗಿಸಿಕೊಳ್ಳಬೇಕು, ಕೈ ಚಾಚಿ ಊರಬಾರದು, ಬೆರಳು ಮುಷ್ಟಿಯೊಳಗೆ ಇರಬೇಕು. ಏಳುವಾಗ ಮೊದಲು ಅಂಬೆಗಾಲಿಗೆ ತಿರುಗಿ, ಒಂದು ಪಾದವನ್ನು ಎರಡು ಕೈಗಳ ನಡುವೆ ತಂದು ಊರಿ, ಆ ಮಂಡಿಯ ಮೇಲೆ ಎರಡೂ ಕೈ ಇಟ್ಟು ಒತ್ತಿ ಏಳಬೇಕು. ಮೂರು ವರ್ಷದ ಮಗುವಿಗೂ ಇದು ಬರುತ್ತದೆ, ಆಟದ ಹಾಗೆ ಹೇಳಿಕೊಟ್ಟರೆ ಬೇಡ ಅಂದರೂ ಬೀಳುತ್ತಲೇ ಇರುತ್ತದೆ. ತಾನಾಗಿ ಎದ್ದು ನಿಲ್ಲಲು ಬಂದ ಮಗುವಿನ ಮುಖ ನೋಡಿ. ಆ ಮುಖಕ್ಕೆ ಪೆಂಗ್ವಿನ್ ಬೇಡ.

ಪೆಂಗ್ವಿನ್ ಬಿಡಿಸುವ ಮುಂಚೆ ದಯವಿಟ್ಟು ಬೂಟು ನೋಡಿ. ಕೋಚ್‌ಗಳು ಹೆಚ್ಚು ಬೇಸರಪಡುವುದು ಇದಕ್ಕೇ. ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ಸೈಜ್ ದೊಡ್ಡ ಸ್ಕೇಟ್ಸ್ ತರುತ್ತೇವೆ. ಶಾಲೆ ಸಮವಸ್ತ್ರ ಹೊಲಿಸುವಾಗ ನಮ್ಮ ಮನೆಗಳಲ್ಲಿ ಮಾಡಿಕೊಂಡು ಬಂದ ಲೆಕ್ಕ ಅದು. ಸ್ಕೇಟಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಹಿಮ್ಮಡಿ ಬೂಟಿನೊಳಗೆ ಎದ್ದು ಕೂತರೆ ಕಾಲಗಂಟು ಒಳಕ್ಕೆ ಮುರಿದಂತೆ ವಾಲುತ್ತದೆ, ಬ್ಲೇಡ್ ಓರೆಯಾಗುತ್ತದೆ, ಮಗು ನಿಲ್ಲಲಾರದು. ಹೊರಗಿನಿಂದ ನೋಡುವವರಿಗೆ ಮಗುವಿಗೆ ಬ್ಯಾಲೆನ್ಸ್ ಇಲ್ಲ ಅನ್ನಿಸುತ್ತದೆ. ದಪ್ಪ ಉಣ್ಣೆಯ ಎರಡೆರಡು ಕಾಲುಚೀಲ ಹಾಕಿಸುವುದರಿಂದಲೂ ಇದೇ ತೊಂದರೆ. ತೆಳು ಚೀಲ ಒಂದು ಸಾಕು. ಲೇಸನ್ನು ಬೆರಳಿನ ಕಡೆ ಸ್ವಲ್ಪ ಸಡಿಲವಾಗಿ, ಕಾಲಗಂಟಿನ ತಿರುವಿನಲ್ಲಿ ಬಿಗಿಯಾಗಿ ಕಟ್ಟಬೇಕು. ಅಂಗಡಿಯಿಂದ ತಂದ ಹೊಸ ಬ್ಲೇಡಿಗೆ ಎಷ್ಟೋ ಸಲ ಸಾಣೆ ಹಿಡಿದಿರುವುದಿಲ್ಲ, ಕೇಳಿ ಹಿಡಿಸಿಕೊಂಡು ಬನ್ನಿ. ಅಂಚಿಲ್ಲದ ಬ್ಲೇಡಿನಲ್ಲಿ ದೊಡ್ಡವರಿಗೂ ತಳ್ಳಲಾಗದು. ಶೂ ಮೇಲೆ ಪಟ್ಟಿ ಬಿಗಿದು ಕಟ್ಟುವ ಎರಡು ಬ್ಲೇಡಿನ ಸ್ಕೇಟ್ಸ್ ಕೂಡ ಚಿಕ್ಕ ಮಕ್ಕಳಿಗೆಂದು ಮಾರುತ್ತಾರೆ. ಅವು ಕಾಲಗಂಟನ್ನು ಹಿಡಿಯುವುದಿಲ್ಲ, ಅಂಚಿನ ಕೆಲಸ ಕಲಿಸುವುದಿಲ್ಲ. ನನ್ನ ಮಟ್ಟಿಗೆ ಅವು ದುಡ್ಡು ದಂಡ.

ಹಾಗಾದರೆ ಪೆಂಗ್ವಿನ್ ಬಿಡಿಸಿದ ಮೇಲೆ ಮಗುವನ್ನು ಹೇಗೆ ಹಿಡಿಯುವುದು? ಕಂಕುಳಿಗೆ ಕೈ ಹಾಕಿ ಮೇಲೆತ್ತಿ ನಡೆಸಬೇಡಿ. ಕೈ ಹಿಡಿದು ಮೇಲಕ್ಕೆ ಎಳೆಯಲೂ ಬೇಡಿ. ಭುಜ ಮೇಲೆ ಹೋದರೆ ಮಂಡಿ ತಾನಾಗಿ ನೆಟ್ಟಗಾಗುತ್ತದೆ. ಸ್ಕೇಟಿಂಗ್ ಬರುವ ದೊಡ್ಡವರೊಬ್ಬರು ಮಗುವಿನ ಎದುರು ನಿಂತು, ಹಾಕಿ ಕೋಲನ್ನು ಮಗುವಿನ ಸೊಂಟದ ಎತ್ತರಕ್ಕೆ ಅಡ್ಡ ಹಿಡಿದು, ಅದರ ಮೇಲೆ ಕೈ ಸುಮ್ಮನೆ ಇಡಲು ಹೇಳಬಹುದು. ಮಗು ಕೋಲಿಗೆ ಭಾರ ಬಿಡಲು ಹೋದರೆ ಕೋಲು ತಗ್ಗುತ್ತದೆ, ಆಗ ಮಗು ತನ್ನ ಕಾಲಿಗೇ ಮರಳಬೇಕಾಗುತ್ತದೆ. ಆಸರೆ ಇದೆ, ಆದರೆ ಒರಗಲು ಬಿಡುವುದಿಲ್ಲ; ಈ ಗುಣ ಪೆಂಗ್ವಿನ್ನಿಗಿಲ್ಲ. ಇನ್ನೊಂದು ಉಪಾಯ ನನ್ನ ಮೊಮ್ಮಗಳ ಕೋಚ್ ಮಾಡುತ್ತಿದ್ದದ್ದು. ಮೆತ್ತನೆಯ ಆಟಿಕೆಗಳನ್ನು ಐಸ್ ಮೇಲೆ ಅಲ್ಲಲ್ಲಿ ಚೆಲ್ಲಿ, ಒಂದೊಂದನ್ನೇ ಹೆಕ್ಕಿ ತರಲು ಹೇಳುತ್ತಿದ್ದರು. ಹೆಕ್ಕಬೇಕೆಂದರೆ ಮಂಡಿ ಮಡಚಲೇಬೇಕು, ಮತ್ತೆ ಏಳಲೇಬೇಕು. ಮೊದಲು ಎರಡೂ ಕಾಲಿನ ಮೇಲೆ ಲೆಫ್ಟ್ ರೈಟ್ ಎಂದು ನಿಂತಲ್ಲೇ ಹೆಜ್ಜೆ ಹಾಕಿಸಿ, ಹೆಜ್ಜೆ ನಿಲ್ಲಿಸಿ ಎರಡೂ ಕಾಲಿನ ಮೇಲೆ ಜಾರಲು ಬಿಟ್ಟರು. ಒಂದಿಷ್ಟು ದೂರ ಜಾರಿದಾಗ ಮೊಮ್ಮಗಳು ಹೊರಡಿಸಿದ ಕೂಗು ಇಡೀ ರಿಂಕಿಗೆ ಕೇಳಿಸಿತು.

ನೀವಿರುವ ದೇಶ ಇಂಥದ್ದೇ ಇನ್ನೊಂದು ಆಸರೆಯ ವಿಷಯದಲ್ಲಿ ಗಟ್ಟಿ ನಿರ್ಧಾರ ಮಾಡಿದೆ. ಚಕ್ರದ ಬೇಬಿ ವಾಕರನ್ನು ಕೆನಡಾ 2004ರ ಏಪ್ರಿಲ್‌ನಲ್ಲಿ ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಮಾರುವಂತಿಲ್ಲ, ತರಿಸುವಂತಿಲ್ಲ, ಹಳೆಯದನ್ನು ಸೆಕೆಂಡ್ ಹ್ಯಾಂಡ್ ಕೊಡುವಂತೆಯೂ ಇಲ್ಲ. ಪಕ್ಕದ ಅಮೆರಿಕದಲ್ಲಿ ನಿಷೇಧವಿಲ್ಲ. ಅಲ್ಲಿ 1990ರಿಂದ 2014ರವರೆಗೆ ಹದಿನೈದು ತಿಂಗಳೊಳಗಿನ 2 ಲಕ್ಷ 30 ಸಾವಿರಕ್ಕೂ ಹೆಚ್ಚು ಮಕ್ಕಳು ವಾಕರ್‌ನಿಂದ ಪೆಟ್ಟಾಗಿ ತುರ್ತು ಚಿಕಿತ್ಸೆಗೆ ಬಂದರೆಂದು 2018ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯ ಅಧ್ಯಯನವೊಂದು ಲೆಕ್ಕ ಕೊಟ್ಟಿತು. ನಾಲ್ವರಲ್ಲಿ ಮೂವರು ಮೆಟ್ಟಿಲಿನಿಂದ ಉರುಳಿದವರು. ಪೆಟ್ಟಿನ ಮಾತು ಬಿಟ್ಟರೂ, ವಾಕರ್‌ನಲ್ಲಿ ಕೂತ ಮಗು ಬೇಗ ನಡೆಯುತ್ತದೆ ಎಂಬುದು ಸುಳ್ಳು ಎಂದು ಮಕ್ಕಳ ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಅದರಲ್ಲಿ ಮಗು ತುದಿಬೆರಳಿನಿಂದ ನೆಲ ಒದೆಯುತ್ತದೆ, ತನ್ನ ಭಾರ ತಾನು ಹೊರುವುದಿಲ್ಲ. ನಮ್ಮ ಚಿಕ್ಕಮಗಳೂರಿನ ಅಂಗಡಿಗಳಲ್ಲಿ ಅದು ಈಗಲೂ ಬಣ್ಣಬಣ್ಣದ್ದಾಗಿ ತೂಗುತ್ತಿರುತ್ತದೆ. ಜಗಲಿ, ಮೆಟ್ಟಿಲು, ತಗ್ಗಿನ ಅಂಗಳ, ಉರಿಯುವ ಬಚ್ಚಲ ಒಲೆ ಇರುವ ಮಲೆನಾಡಿನ ಮನೆಗೆ ಅದಕ್ಕಿಂತ ಅಪಾಯದ ವಸ್ತು ಇನ್ನೊಂದಿಲ್ಲ. ರಜೆಗೆ ಊರಿಗೆ ಬಂದಾಗ ಕೂಸಿಗೆಂದು ಅಜ್ಜಿ ತಂದಿಟ್ಟರೆ ದಾಕ್ಷಿಣ್ಯ ಮಾಡಿಕೊಳ್ಳದೆ ಬೇಡ ಅನ್ನಿ.

ಐಸಿನ ಪೆಂಗ್ವಿನ್ ಅಷ್ಟು ಅಪಾಯದ್ದಲ್ಲ, ಅದನ್ನು ನಿಷೇಧಿಸಿ ಎನ್ನುವವನೂ ನಾನಲ್ಲ. ಆದರೆ ಎರಡನ್ನೂ ನಾವು ಕೊಳ್ಳುವುದು, ಬಾಡಿಗೆಗೆ ಹಿಡಿಯುವುದು ಬಹುಮಟ್ಟಿಗೆ ನಮ್ಮ ನೆಮ್ಮದಿಗೆ. ಪರದೇಶ, ಪಕ್ಕದಲ್ಲಿ ಅಮ್ಮ ಇಲ್ಲ, ಅತ್ತೆ ಇಲ್ಲ, ಮಗುವಿಗೆ ಏನಾದರೂ ಆದರೆ ಎಂಬ ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. ನಿಮಗೇ ಸ್ಕೇಟಿಂಗ್ ಬಾರದು. ರಿಂಕಿನ ಗಾಜಿನ ಹೊರಗೆ ಜಾಕೆಟ್ ಹಾಕಿಕೊಂಡು ನಿಂತು, ಕೈಗೆಟುಕದ ದೂರದಲ್ಲಿ ಮಗು ತತ್ತರಿಸುವುದನ್ನು ನೋಡುವುದು ಸುಲಭವಲ್ಲ. ಅದಕ್ಕೇ ಹೇಳುತ್ತೇನೆ, ಸಾಧ್ಯವಾದವರು ಮಗುವಿನ ಜೊತೆ ನೀವೂ ಕಲಿಯಿರಿ. ದೊಡ್ಡವರ ತರಗತಿಗಳಿವೆ. ಬಿದ್ದು ಎದ್ದ ಅಪ್ಪನನ್ನು ನೋಡಿದ ಮಗು ತಾನು ಬಿದ್ದಾಗ ಅಷ್ಟಾಗಿ ಅಳುವುದಿಲ್ಲ.

ಐಸ್ ಕಾಣದ ಊರಿನವರಿಗೆ ಇದೆಲ್ಲ ಬಾರದು ಎಂದು ಯಾರಾದರೂ ನಿಮ್ಮ ಮಕ್ಕಳಿಗೆ ಹೇಳಿದರೆ ನಂಬಬೇಡಿ. 2024ರ ಫೆಬ್ರುವರಿಯಲ್ಲಿ ಲೇಹ್‌ನಲ್ಲಿ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಮೊದಲ ಭಾಗ ನಡೆದಾಗ, ಐಸ್ ಸ್ಕೇಟಿಂಗ್‌ನಲ್ಲಿ ಚಿನ್ನದ ಪದಕಗಳನ್ನು ಗೆದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೆಪ್ಪುಗಟ್ಟುವ ಕೆರೆ ಒಂದೂ ಇಲ್ಲದ ರಾಜ್ಯ. ಚಕ್ರದ ಸ್ಕೇಟ್ಸ್ ಕಟ್ಟಿಕೊಂಡು ಗಟ್ಟಿ ನೆಲದ ಮೇಲೆ ಬಿದ್ದೂ ಎದ್ದೂ ಕಲಿತ ಮಕ್ಕಳು ಅಂಚು, ಭಾರ, ಪಕ್ಕದ ತಳ್ಳುವಿಕೆ ಎಲ್ಲವನ್ನೂ ಐಸಿಗೆ ಹೊತ್ತುಕೊಂಡು ಹೋದರು. ಅದೇ ಕೂಟದ ಗುಲ್ಮಾರ್ಗ್ ಭಾಗದಲ್ಲಿ, ನಮ್ಮಂತೆಯೇ ಕಾಫಿ ಸೀಮೆಯಾದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಚಿನ್ನ ಗೆದ್ದರು. ಆ ಸುದ್ದಿ ಓದಿದಾಗ ನನಗಾದ ಸಂತೋಷ ಹೇಳತೀರದು.

ಯಾರಿಗೆ ಆಸರೆ ಬಿಡಿಸಬಾರದು ಎಂಬುದನ್ನೂ ಹೇಳಬೇಕು. ಕಾಲಿನ ಬಲ ಕಡಿಮೆ ಇರುವ, ಸೆರೆಬ್ರಲ್ ಪಾಲ್ಸಿಯಂಥ ತೊಂದರೆ ಇರುವ ಮಕ್ಕಳಿಗೆ ಚೌಕಟ್ಟು ಕಲಿಕೆಯ ಮೆಟ್ಟಿಲಲ್ಲ, ಅವರ ಆಟದ ಸಾಮಾನೇ ಅದು. ಅವರಿಗಾಗಿ ಸೊಂಟಕ್ಕೆ ಪಟ್ಟಿ ಕಟ್ಟಿ ನಿಲ್ಲಿಸುವ ಚೌಕಟ್ಟುಗಳಿವೆ, ಕೂತು ಆಡುವ ಸ್ಲೆಡ್ಜುಗಳಿವೆ. ಸ್ಲೆಡ್ಜ್ ಮೇಲೆ ಕೂತು ಎರಡು ಗಿಡ್ಡ ಕೋಲಿನಿಂದ ಆಡುವ ಐಸ್ ಹಾಕಿ 1994ರ ಲಿಲ್ಲೆಹಾಮರ್ ಪ್ಯಾರಾಲಿಂಪಿಕ್ಸ್‌ನಿಂದ ಪದಕದ ಆಟವಾಗಿದೆ. ನಿಮ್ಮ ನಡುವೆ ಅಂಥ ಮಗು ಇದ್ದರೆ, 'ಇನ್ನೂ ಹಿಡಿದುಕೊಂಡೇ ಇದ್ದಾನಲ್ಲ' ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ಹಾಗೆಯೇ ಊರಿನಿಂದ ಬರುವ ಅಜ್ಜ ಅಜ್ಜಿಯರು. ನಮ್ಮ ಮೂಳೆ ಮಕ್ಕಳ ಮೂಳೆಯಲ್ಲ. ಹಿಂದಕ್ಕೆ ಬಿದ್ದು ಅಂಗೈ ಊರಿದರೆ ಮಣಿಕಟ್ಟು ಮುರಿಯುತ್ತದೆ. ನಾನು ಐಸಿಗೆ ಇಳಿದಾಗ ದೊಡ್ಡವರ ಎತ್ತರದ ಚೌಕಟ್ಟನ್ನು ಕೊನೆಯವರೆಗೂ ಬಿಡಲಿಲ್ಲ, ಹೆಲ್ಮೆಟ್ಟನ್ನೂ ತೆಗೆಯಲಿಲ್ಲ. ಐಸಿನ ಮೇಲೆ ಜಾರುವ ಆ ಸುಖ ಈ ವಯಸ್ಸಿನಲ್ಲಿ ನನಗೆ ದಕ್ಕಿದ್ದು ಆ ಕಬ್ಬಿಣದ ಕೊಳವೆಗಳಿಂದ. ನಿಮ್ಮ ತಂದೆತಾಯಿಯನ್ನು ಬೆಂಚಿನ ಮೇಲೆ ಕೂರಿಸಿ ಚೀಲ ಕಾಯಲು ಹೇಳಬೇಡಿ. ವೈದ್ಯರು ಬೇಡ ಅನ್ನದಿದ್ದರೆ ಒಂದು ಸುತ್ತಾದರೂ ಹಾಕಿಸಿ.

ಒಟ್ಟಾವಾದವರು ಅದೃಷ್ಟವಂತರು, ರಿಡೋ ಕಾಲುವೆಯ 7.8 ಕಿಲೋಮೀಟರ್ ಉದ್ದದ ಸ್ಕೇಟಿಂಗ್ ದಾರಿ ನಿಮ್ಮ ಮನೆಬಾಗಿಲಲ್ಲಿದೆ. ಆದರೆ ಬಯಲಿನ ಐಸ್‌ನಲ್ಲಿ ಬಿರುಕು, ಉಬ್ಬು, ಕಸಕಡ್ಡಿ ಇರುತ್ತದೆ. ಕಲಿಯುವ ಮಗುವನ್ನು ಮೊದಲು ಅಲ್ಲಿಗೆ ಕರೆದೊಯ್ಯಬೇಡಿ. 1971ರಿಂದ ಪ್ರತಿ ಚಳಿಗಾಲ ತೆರೆಯುತ್ತಿದ್ದ ಆ ದಾರಿ 2022–23ರಲ್ಲಿ ಐಸ್ ಸಾಕಷ್ಟು ಗಟ್ಟಿಯಾಗದೆ ಮೊದಲ ಬಾರಿಗೆ ತೆರೆಯಲೇ ಇಲ್ಲ. ಹೂಮಳೆ ಹೊತ್ತಿಗೆ ಸರಿಯಾಗಿ ಬಾರದೆ ಕಾಫಿ ಕೆಟ್ಟುಹೋದ ವರ್ಷಗಳನ್ನು ಕಂಡ ನಮಗೆ ಆ ಸಂಕಟ ಚೆನ್ನಾಗಿ ತಿಳಿಯುತ್ತದೆ. ಐಸ್ ಸಿಗುವಾಗ ಕಲಿಸಿಬಿಡಿ.

ಕೊನೆಗೆ ಅಲ್ಲಿನ ಕನ್ನಡ ಕೂಟಗಳನ್ನು ನಡೆಸುವವರಲ್ಲಿ ಒಂದು ಕೋರಿಕೆ. ಸಂಕ್ರಾಂತಿಗೆ ಹೇಗೂ ಸೇರುತ್ತೀರಿ. ಎಳ್ಳುಬೆಲ್ಲ ಹಂಚುವ ದಿನವೇ ಹತ್ತಿರದ ರಿಂಕನ್ನು ಒಂದು ಗಂಟೆ ಬಾಡಿಗೆಗೆ ಹಿಡಿಯಿರಿ. ಸಾರ್ವಜನಿಕ ಹೊತ್ತಿನ ನೂಕುನುಗ್ಗಲಿನಲ್ಲಿ ಹೊಸಬರಿಗೆ ಪೆಂಗ್ವಿನ್ ಬಿಡುವ ಧೈರ್ಯ ಬರುವುದಿಲ್ಲ. ನಮ್ಮವರೇ ಇದ್ದಾಗ ಬರುತ್ತದೆ. ಐಸನ್ನು ಕೋನ್ ಇಟ್ಟು ಎರಡು ಪಾಲು ಮಾಡಿ. ಒಂದು ಕಡೆ ಚೌಕಟ್ಟು ಬೇಕಾದವರು, ಅಜ್ಜ ಅಜ್ಜಿಯರು, ಅಂದೇ ಮೊದಲ ಸಲ ಬಂದ ಕೂಸುಗಳು. ಇನ್ನೊಂದು ಕಡೆ ಬರಿಗೈಯವರು, ಅಲ್ಲಿ ಬೀಳಲು, ಏಳಲು ಬೇಕಾದಷ್ಟು ಜಾಗ ಇರಲಿ. ಅಲ್ಲೇ ಹುಟ್ಟಿ ಬೆಳೆದ, ಹಾಕಿ ಆಡುವ ನಿಮ್ಮ ಹದಿಹರೆಯದ ಮಕ್ಕಳಿದ್ದಾರಲ್ಲ, ಅವರಿಗೆ ಕೋಲು ಹಿಡಿಯುವ ಕೆಲಸ ಕೊಡಿ. ನಿಮಗಿಂತ ಚೆನ್ನಾಗಿ ಮಾಡುತ್ತಾರೆ. ಕೈಗವಸು ಇಲ್ಲದ ಮಗುವನ್ನು ಐಸಿಗೆ ಬಿಡಬೇಡಿ, ಬಿದ್ದ ಬೆರಳ ಮೇಲೆ ಇನ್ನೊಬ್ಬರ ಬ್ಲೇಡ್ ಹಾಯಬಹುದು. ಮಕ್ಕಳು ಬೆಳೆದು ಚಿಕ್ಕದಾದ ಸ್ಕೇಟ್ಸ್, ಹೆಲ್ಮೆಟ್ ಇರುವವರು ಅಂದು ತಂದು ಒಂದು ಮೇಜಿನ ಮೇಲಿಡಿ. ಆ ವರ್ಷವಷ್ಟೇ ಊರಿನಿಂದ ಬಂದು, ಎಲ್ಲಕ್ಕೂ ಒಟ್ಟಿಗೆ ದುಡ್ಡು ಹೊಂದಿಸುತ್ತಿರುವ ಮನೆಯವರು ಅದರಲ್ಲಿ ಆರಿಸಿಕೊಳ್ಳಲಿ. ಪೆಟ್ಟು ಬಿದ್ದ, ಬಿರುಕು ಬಿಟ್ಟ ಹೆಲ್ಮೆಟ್ ಮಾತ್ರ ಆ ಮೇಜಿಗೆ ಬರಬಾರದು.

ಇಂತಿ ನಿಮ್ಮ ಹಿತೈಷಿ,
ನಿವೃತ್ತ ದೈಹಿಕ ಶಿಕ್ಷಕ, ಆಲ್ದೂರು